ರಾಶಿಯ ವಿಷಯವಾಗಿ ಅದಿಶನಿಗೆ

ಪ್ರಿಯ ಅದಿಶ,

ಈ ಪತ್ರವನ್ನು ನಿನಗೊಬ್ಬನಿಗೇ ಕಳಿಸಬಹುದಿತ್ತು. ಆದರೆ ಒಬ್ಬನಿಗೇ ಕಳಿಸಿದ ಪತ್ರಕ್ಕೆ ಉತ್ತರ ಬರೆಯುವ ಅಭ್ಯಾಸ ನಿನಗಿಲ್ಲ. ನಾಲ್ಕು ಜನ ನೋಡುತ್ತಿದ್ದಾರೆ ಎಂದಾಗ ಮಾತ್ರ ನಿನಗೆ ಮರ್ಯಾದೆಯ ನೆನಪಾಗುತ್ತದೆ. ಆದ್ದರಿಂದ ಆ ನಾಲ್ಕು ಜನರನ್ನು ಜಗಲಿಯಲ್ಲಿ ಕೂರಿಸಿಕೊಂಡೇ ಬರೆಯುತ್ತಿದ್ದೇನೆ. ಅವರ ಪಾಲಿಗೆ ನಿನ್ನ ಹೆಸರು ಅದಿಶ ಎಂದೇ ಇರಲಿ. ಆ ಹೆಸರನ್ನು ಯಾವ ಮೇಷ್ಟರು ಇಟ್ಟರು, ಅಂದು ಕರಿಹಲಗೆಯ ಮುಂದೆ ನಿಂತು ನೀನು ಏನು ಹೇಳಿದೆ ಎಂಬುದೆಲ್ಲ ನಮ್ಮಲ್ಲೇ ಉಳಿಯಲಿ.

ಕೆಲವು ಕಾಲದಿಂದ ‘ರಾಶಿ’ ಎಂಬ ಎರಡಕ್ಷರದ ಪದ ನನ್ನ ಬೆನ್ನು ಹತ್ತಿದೆ. ನಮ್ಮ ತೀರ್ಥಹಳ್ಳಿ ಕಡೆಯ ಮನೆಗಳಲ್ಲಿ ಬೆಳಿಗ್ಗೆ ಯಾರಾದರೂ ‘ಇವತ್ತು ರಾಶಿ ಹೇಗಿದೆ?’ ಎಂದರೆ, ಕೇಳಿದವರ ಮುಖ ನೋಡಿಕೊಂಡು ಉತ್ತರ ಹೇಳಬೇಕಾಗುತ್ತದೆ. ಅಪ್ಪ ಕೇಳಿದರೆ ಅದು ಶಿವಮೊಗ್ಗದ ಅಡಿಕೆ ಧಾರಣೆ. ಅಮ್ಮ ಕೇಳಿದರೆ ಪತ್ರಿಕೆಯ ಒಳಪುಟದ ಭವಿಷ್ಯ. ಹೈಸ್ಕೂಲಿಗೆ ಹೋಗುವ ಅಣ್ಣನ ಮಗಳು ಕೇಳಿದರೆ ದ್ರವ್ಯರಾಶಿಯ ಲೆಕ್ಕ, ಅದೂ ಶಾಲೆಯ ಬಸ್ಸು ಬರುವುದರೊಳಗೆ ಮುಗಿಯಬೇಕಾದದ್ದು. ನೀನು ಕೇಳಿದರೆ ಮಾತ್ರ ಗೊಂದಲವಿಲ್ಲ. ಸಾಗರ ಸೀಮೆಯವನಾದ ನಿನಗೆ ಆ ಪದಕ್ಕೆ ‘ಬಹಳ’ ಎಂಬುದೊಂದೇ ಅರ್ಥ. ರಾಶಿ ಮಳೆ, ರಾಶಿ ಖುಷಿ, ರಾಶಿ ಬೇಜಾರು. ಹಾಸ್ಟೆಲಿನಲ್ಲಿ ಸಾರು ಹೇಗಿದೆ ಎಂದು ಕೇಳಿದರೆ ‘ರಾಶಿ’ ಎಂದಷ್ಟೇ ಹೇಳಿ ಊಟ ಮುಂದುವರಿಸುತ್ತಿದ್ದೆ. ಯಾವುದು ರಾಶಿ, ಉಪ್ಪೋ ನೀರೋ ಎಂಬುದನ್ನು ನಾವು ಉಂಡೇ ತಿಳಿಯಬೇಕಾಗಿತ್ತು.

ಸಂಸ್ಕೃತದಿಂದ ಬಂದ ಈ ಪದಕ್ಕೆ ಮೂಲದಲ್ಲಿ ಗುಡ್ಡೆ ಎಂದಷ್ಟೇ ಅರ್ಥ. ಕಣದಲ್ಲಿ ಭತ್ತ ಬಡಿದು, ಜೊಳ್ಳು ತೂರಿ, ಉಳಿದದ್ದನ್ನು ಒಟ್ಟುಗೂಡಿಸಿದರೆ ರಾಶಿ. ಅದಕ್ಕೆ ಪೂಜೆಯಾಗುವವರೆಗೆ ಅಳೆಯುವ ಪಾತ್ರೆಯಾದ ಕೊಳಗ ಮುಟ್ಟುವಂತಿರಲಿಲ್ಲ. ಮುಟ್ಟಿದ ಮೇಲೂ ಅಜ್ಜ ಮೊದಲನೆಯ ಕೊಳಗವನ್ನು ‘ಒಂದು’ ಎನ್ನದೆ ‘ಲಾಭ’ ಎನ್ನುತ್ತಿದ್ದರು, ಎಣಿಕೆ ಎರಡರಿಂದ ಶುರುವಾಗುತ್ತಿತ್ತು. ಬೆಳೆದದ್ದನ್ನು ಲೆಕ್ಕಕ್ಕೆ ಒಪ್ಪಿಸುವ ಮುಂಚೆ ಒಂದಿಷ್ಟು ಹೊತ್ತು ಹಾಗೆಯೇ ಇರಗೊಡುವ ಆ ಹಿಂಜರಿಕೆ ನನಗೆ ಈಗೀಗ ತುಂಬ ಇಷ್ಟವಾಗುತ್ತಿದೆ. ಕಣದ ಮಟ್ಟಿಗೆ, ಇನ್ನೂ ಅಳೆಯದೆ ಇರುವುದು ರಾಶಿ. ಗಣಿತ, ಖಗೋಳ, ಭೌತಶಾಸ್ತ್ರಗಳು ಅದೇ ಪದವನ್ನು ಎತ್ತಿಕೊಂಡು ಹೋಗಿ ತದ್ವಿರುದ್ಧ ಕೆಲಸಕ್ಕೆ ಹಚ್ಚಿವೆ. ಅಲ್ಲಿ ಅಳತೆಗೆ ಸಿಗುವುದು ಮಾತ್ರ ರಾಶಿ.

ಆಕಾಶದ ಲೆಕ್ಕವನ್ನೇ ನೋಡು. ಸೂರ್ಯ ವರ್ಷವಿಡೀ ನಡೆಯುವಂತೆ ಕಾಣುವ 360 ಡಿಗ್ರಿಯ ಹಾದಿಯನ್ನು ಹನ್ನೆರಡು ಸಮಪಾಲು ಮಾಡಿದರೆ ಒಂದೊಂದು ಪಾಲಿಗೆ 30 ಡಿಗ್ರಿ ಬರುತ್ತದೆ, ಅದು ರಾಶಿ. ಅದೇ ಹಾದಿಯನ್ನು 27 ನಕ್ಷತ್ರಗಳಿಗೂ ಹಂಚಿರುವುದರಿಂದ ರಾಶಿಯೊಂದಕ್ಕೆ ಎರಡೂಕಾಲು ನಕ್ಷತ್ರ. ನನ್ನ ತುಲೆಗೆ ಚಿತ್ತೆಯ ಅರ್ಧ, ಸ್ವಾತಿ ಪೂರ್ತಿ, ವಿಶಾಖೆಯ ಮುಕ್ಕಾಲು ಬಂದಿವೆ. ಅಣ್ಣತಮ್ಮಂದಿರು ತೋಟ ಪಾಲು ಮಾಡಿಕೊಳ್ಳುವಾಗ ಸರ್ವೆಯವರು ಹಾಕುವ ಗಡಿಯೂ ಇಷ್ಟು ಅಚ್ಚುಕಟ್ಟಾಗಿರುವುದಿಲ್ಲ. ಆದರೆ ಮೇಲೆ ನಿಜವಾಗಿ ಇರುವ ನಕ್ಷತ್ರಗಳು ಈ ಪಾಲುಪಟ್ಟಿಗೆ ರುಜು ಹಾಕಿಲ್ಲ. ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಆಕಾಶವನ್ನು 88 ತಾರಾಪುಂಜಗಳಾಗಿ ವಿಂಗಡಿಸಿ ಎಳೆದ ಗಡಿಗಳ ಪ್ರಕಾರ ಸೂರ್ಯ ಕನ್ಯೆಯಲ್ಲಿ ಸುಮಾರು 45 ದಿನ ಇರುತ್ತಾನೆ, ವೃಶ್ಚಿಕದಲ್ಲಿ ಒಂದೇ ವಾರ. ಆಮೇಲೆ ಸುಮಾರು 18 ದಿನ ನಮ್ಮ ಪಂಚಾಂಗಕ್ಕೆ ಗೊತ್ತೇ ಇಲ್ಲದ ಉರಗಧರನೆಂಬ ಹದಿಮೂರನೆಯವನ ಮನೆಯಲ್ಲಿ ತಂಗುತ್ತಾನೆ. ಈ ಸಂಗತಿಯನ್ನು ಅಮ್ಮನ ಮುಂದೆ ದೊಡ್ಡ ಸತ್ಯದಂತೆ ಇಟ್ಟೆ. ‘ಹಾಗಾದರೆ ಅವನಿಗೂ ಒಂದು ಶಾಂತಿ ಮಾಡಿಸಿದರಾಯಿತು’ ಎಂದಳು.

ಭೌತಶಾಸ್ತ್ರದವರು ಇನ್ನೂ ಕಟ್ಟುನಿಟ್ಟು. ದ್ರವ್ಯರಾಶಿ ಬೇರೆ, ತೂಕ ಬೇರೆ ಎಂದು ಅಣ್ಣನ ಮಗಳಿಗೆ ಮನದಟ್ಟು ಮಾಡಲು ನಾನು ಒಂದು ಕ್ವಿಂಟಾಲ್ ಅಡಿಕೆಯನ್ನು ಚಂದ್ರನ ಮೇಲಕ್ಕೆ ಸಾಗಿಸಬೇಕಾಯಿತು. ಅಲ್ಲಿಯ ಗುರುತ್ವ ಇಲ್ಲಿಯದರ ಆರನೆಯ ಒಂದು ಪಾಲಿನಷ್ಟು. ಆದ್ದರಿಂದ ಸ್ಪ್ರಿಂಗ್ ತಕ್ಕಡಿಗೆ ತೂಗುಹಾಕಿದರೆ ಮುಳ್ಳು ಹದಿನೇಳು ಕಿಲೋದ ಹತ್ತಿರ ನಿಂತುಬಿಡುತ್ತದೆ. ಎರಡು ತಟ್ಟೆಯ ತಕ್ಕಡಿಯಲ್ಲಿ ಇಟ್ಟರೆ ಹಾಗಾಗುವುದಿಲ್ಲ. ಈಚೆ ಅಡಿಕೆ ಹಗುರಾದಷ್ಟೇ ಆಚೆ ತೂಕದ ಕಲ್ಲೂ ಹಗುರಾಗಿ, ನೂರು ಕಿಲೋ ನೂರಾಗಿಯೇ ಉಳಿಯುತ್ತದೆ. ಅಂದರೆ ತುಲಾರಾಶಿಯ ಚಿತ್ರದಲ್ಲಿರುವ ತಕ್ಕಡಿ ಅಳೆಯುವುದು ದ್ರವ್ಯರಾಶಿಯನ್ನೇ. ಎರಡು ರಾಶಿಗಳು ಒಂದೇ ತಟ್ಟೆಯಲ್ಲಿ ಸಂಧಿಸಿದ ಈ ಗಳಿಗೆಯಲ್ಲಿ ನನಗಾದ ರೋಮಾಂಚನವನ್ನು ಮನೆಯವರು ಯಾರೂ ಹಂಚಿಕೊಳ್ಳಲಿಲ್ಲ. 1889ರಿಂದ ಲೋಕದ ಕಿಲೋಗ್ರಾಂ ಎಂದರೆ ಪ್ಯಾರಿಸ್ ಬಳಿಯ ಸೆವ್ರ್‌ನಲ್ಲಿ ಜೋಪಾನ ಮಾಡಿದ್ದ ಒಂದು ಪ್ಲಾಟಿನಂ–ಇರಿಡಿಯಂ ಉರುಳೆಯಾಗಿತ್ತು, 2019ರ ಮೇ 20ರಿಂದ ಅದನ್ನು ಬಿಟ್ಟು ಪ್ಲಾಂಕ್ ಸ್ಥಿರಾಂಕವೆಂಬ, ಎಲ್ಲಿಯೂ ಬದಲಾಗದ ಒಂದು ಸಂಖ್ಯೆಯಿಂದ ನಿರ್ಧರಿಸುತ್ತಾರೆ ಎಂದೂ ಹೇಳಿ ನೋಡಿದೆ. ಆ ಸ್ಥಿರಾಂಕವನ್ನು ಮಂಡಿಯಲ್ಲಿ ಯಾವ ಮೂಲೆಯಲ್ಲಿ ಇಟ್ಟಿರುತ್ತಾರೆ ಎಂದು ಅಪ್ಪ ಕೇಳಿದರು.

ನಡುವೆ ಇನ್ನೊಂದು ರಾಶಿ ಸಿಕ್ಕಿತು, ಅದನ್ನು ನಿನಗೆಂದೇ ಎತ್ತಿಟ್ಟಿದ್ದೇನೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೇದಾರೇಶ್ವರ ದೇವಸ್ಥಾನದ ಜೊತೆಗಿದ್ದ ಕೋಡಿಯ ಮಠವನ್ನು 1162ರ ಶಾಸನವೊಂದು ವರ್ಣಿಸುತ್ತದೆ; ಓದುವವರಿಗೆ ವಿದ್ಯೆ, ಗತಿಯಿಲ್ಲದವರಿಗೆ ಅನ್ನ, ರೋಗಿಗಳಿಗೆ ಔಷಧ ಅಲ್ಲಿ ದೊರೆಯುತ್ತಿದ್ದವಂತೆ. ಆ ಮಠದ ಕಾಳಾಮುಖವೆಂಬ ಶೈವ ಪಂಥದ ಯತಿಗಳು ನಮ್ಮ ನಾಡಿನ ಶಾಸನಗಳಲ್ಲಿ ಬರುವಾಗ ಅವರ ಹೆಸರಿನ ಕೊನೆಗೆ ‘ಶಕ್ತಿ’, ‘ಆಭರಣ’ ಎಂಬವುಗಳ ಜೊತೆಗೆ ‘ರಾಶಿ’ ಎಂದೂ ಇರುವುದುಂಟು. ಎಲ್ಲವನ್ನೂ ಬಿಟ್ಟು ಹೊರಟವರು ಗುಡ್ಡೆ ಎಂಬ ಹೆಸರನ್ನು ಯಾಕೆ ಇಟ್ಟುಕೊಂಡರೋ. ನಮ್ಮ ಕಾಲೇಜಿನ ದಿನಗಳಲ್ಲಿ ಈ ಸಂಗತಿ ತಿಳಿದಿದ್ದರೆ ನಿನಗೆ ನಿದ್ರಾರಾಶಿ ಪಂಡಿತ ಎಂಬ ಬಿರುದು ಖಾಯಂ ಆಗುತ್ತಿತ್ತು.

ಇನ್ನು ಅಡಿಕೆ. ಮರದಿಂದ ಕೊನೆ, ಅಂದರೆ ಕಾಯಿಗೊಂಚಲು, ಇಳಿಸಿ, ಸುಲಿದು, ಅಡಿಕೆಯ ಕೆಂಪು ರಸವಾದ ಚೊಗರಿನಲ್ಲಿ ಬೇಯಿಸಿ, ಚಪ್ಪರದ ಮೇಲೆ ಒಣಗಿಸಿದ ಮೇಲೆ ಆರಿಸುವ ಕೆಲಸ ಬರುತ್ತದೆ. ಎಳೆಯದು ಸರಕು, ಅದಕ್ಕೆ ಎಲ್ಲಕ್ಕಿಂತ ಹೆಚ್ಚಿನ ಧಾರಣೆ. ಆಮೇಲೆ ಬೆಟ್ಟೆ, ಆಮೇಲೆ ರಾಶಿ, ಬಲಿತು ಹೋದದ್ದು ಗೊರಬಲು. ಈ ರಾಶಿಗೆ ಇಡಿ ಎಂದೂ ಹೆಸರಿರುವುದರಿಂದ ಇತ್ತೀಚೆಗೆ ಪೇಟೆಯಲ್ಲಿ ಯಾರಾದರೂ ‘ಇಡಿ ಬಂತು’ ಎಂದರೆ ಎರಡು ಬಗೆಯ ಜನ ಎದ್ದು ನಿಲ್ಲುತ್ತಾರೆ. ಇಲ್ಲಿ ಡಿಗ್ರಿಯೂ ಇಲ್ಲ, ಸ್ಥಿರಾಂಕವೂ ಇಲ್ಲ. ಆರಿಸಲು ಬರುವ ಹೆಂಗಸರು ಮಾತು ನಿಲ್ಲಿಸದೆಯೇ ಕಾಯನ್ನು ಬೆರಳಲ್ಲಿ ಹೊರಳಿಸಿ ಅದರ ಜಾತಿ ಹೇಳಿಬಿಡುತ್ತಾರೆ. ನಾನು ಎದುರು ಕೂತು ಆರಿಸಿದ್ದನ್ನು ಅವರು ನಾನು ಎದ್ದುಹೋದ ಮೇಲೆ ಮತ್ತೊಮ್ಮೆ ಆರಿಸುತ್ತಾರೆ ಎಂಬುದು ನನಗೆ ಗೊತ್ತಿದೆ, ನನಗೆ ಗೊತ್ತಿದೆ ಎಂಬುದು ಅವರಿಗೂ ಗೊತ್ತಿದೆ. ಆ ಸಾಲಿನಲ್ಲಿ ನನ್ನ ಸ್ಥಾನ ಯಾವುದು ಎಂದು ಕೇಳಿಕೊಂಡರೆ ಅನುಮಾನವೇ ಇಲ್ಲ: ಸರಕಾಗುವ ಎಳೆತನ ಮುಗಿದಿದೆ, ಗೊರಬಲಾಗುವಷ್ಟು ಬಲಿತೂ ಇಲ್ಲ.

ಇಷ್ಟೆಲ್ಲ ಬರೆದದ್ದು ತ್ರೈರಾಶಿಕಕ್ಕೆ ಬರುವುದಕ್ಕಾಗಿ. 499ರ ಸುಮಾರಿಗೆ ಆರ್ಯಭಟ ಒಂದೇ ಶ್ಲೋಕದಲ್ಲಿ ಹೇಳಿ ಮುಗಿಸಿದ ಆ ಲೆಕ್ಕಕ್ಕೆ ಮೂರು ರಾಶಿಗಳು ಬೇಕು: ಪ್ರಮಾಣ, ಫಲ, ಇಚ್ಛೆ. ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸಿದರೆ ಇಚ್ಛಾಫಲ ಸಿಗುತ್ತದೆ. ಒಂದು ಕ್ವಿಂಟಾಲಿಗೆ 50,000 ರೂಪಾಯಿ ಎಂದು ಇಟ್ಟುಕೊಂಡರೆ ಏಳು ಕ್ವಿಂಟಾಲಿಗೆ ಎಷ್ಟು? ಒಂದು ಪ್ರಮಾಣ, ಐವತ್ತು ಸಾವಿರ ಫಲ, ಏಳು ಇಚ್ಛೆ. ಉತ್ತರ ಮೂರೂವರೆ ಲಕ್ಷ. ಅಮ್ಮ ದಿನಾ ಓದುವುದು ರಾಶಿಫಲ, ಆರ್ಯಭಟ ಕೇಳುವುದು ಫಲರಾಶಿ, ಅಪ್ಪ ನೋಡುವುದು ರಾಶಿಯ ಫಲ ಎಂದು ನಗುತ್ತಲೇ ಈ ಮಾತುಗಳನ್ನು ಒಂದು ಹಳೆಯ ಲಗ್ನಪತ್ರಿಕೆಯ ಹಿಂಬದಿಯಲ್ಲಿ ಬರೆದುಕೊಂಡೆ. ಆಮೇಲೆ ಸುಮ್ಮನೆ, ಕೈ ಖಾಲಿಯಿದ್ದ ಕಾರಣಕ್ಕೆ, ನನ್ನದೇ ಲೆಕ್ಕವನ್ನು ಅದರ ಕೆಳಗೆ ಬರೆಯತೊಡಗಿದೆ. ಪ್ರಮಾಣದ ಜಾಗದಲ್ಲಿ ತೋಟದ ಒಂದು ವರ್ಷ ಎಂದು ಬರೆದೆ. ಫಲದ ಜಾಗದಲ್ಲಿ, ಕೊಯ್ಲು, ಸುಲಿತ, ಔಷಧಿ, ಗೊಬ್ಬರದ ಖರ್ಚು ಕಳೆದು ಉಳಿದದ್ದನ್ನು ಬರೆದೆ. ಅದೇನೂ ತೀರಾ ಕಡಿಮೆಯಿರಲಿಲ್ಲ. ಇಚ್ಛೆಯ ಜಾಗಕ್ಕೆ ಬಂದಾಗ ಬರೆಯಲು ಏನೂ ತೋಚಲಿಲ್ಲ. ಇಂಥ ಇನ್ನೂ ಎಷ್ಟು ವರ್ಷಗಳು ಬೇಕು ಎಂಬುದು ಪ್ರಶ್ನೆ. ಇಚ್ಛಾರಾಶಿ ಪ್ರಮಾಣದ ಜಾತಿಯದೇ ಆಗಿರಬೇಕು ಎಂಬುದು ಆ ಲೆಕ್ಕದ ನಿಯಮವಾದ್ದರಿಂದ ಬೇರೆ ಏನನ್ನೂ ಅಲ್ಲಿ ಬರೆಯುವಂತಿರಲಿಲ್ಲ.

ಇಲ್ಲಿಗೆ ನಿಲ್ಲಿಸಬೇಕೆಂದಿದ್ದೆ. ಆದರೆ ನೀನು ನನ್ನನ್ನು ಯಾವತ್ತೂ ನಡುವೆ ತಡೆದವನಲ್ಲ, ಆದ್ದರಿಂದ ಮುಂದಿನದನ್ನೂ ಕೇಳು. ಮಲೆನಾಡಿಗೆ ಎಲೆಚುಕ್ಕಿ ರೋಗ ಬಂದದ್ದು ನಿನಗೆ ಗೊತ್ತೇ ಇದೆ. ಕೊಳೆರೋಗವಾದರೆ ಅಪ್ಪನಿಗೆ ಹಳೆಯ ಪರಿಚಯದ ಶತ್ರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಸೇರಿಸಿ ಬೋರ್ಡೋ ದ್ರಾವಣ ಮಾಡಿ, ಮಳೆ ಬಿಡುವು ಕೊಟ್ಟಾಗ ಅಡಿಕೆ ಕೊನೆಗಳಿಗೆ ಹೊಡೆಸುತ್ತ ಒಂದು ಜನ್ಮ ಕಳೆದವರು ಅವರು. ಎಲೆಚುಕ್ಕಿ ಹಾಗಲ್ಲ, ಅದು ಮರದ ಗರಿಯಾದ ಸೋಗೆಯನ್ನೇ ಹಿಡಿಯುತ್ತದೆ, ಸೋಗೆ ಒಣಗಿದ ಮರ ಸೊರಗುತ್ತದೆ, ಮುಂದಿನ ವರ್ಷದ ಫಸಲೂ ಕುಸಿಯುತ್ತದೆ. ನಮ್ಮ ತೋಟದ ಮೇಲಿನ ತಟ್ಟಿನಲ್ಲಿ ಮೊದಲ ಹಳದಿ ಚುಕ್ಕೆಗಳನ್ನು ಕಂಡವನು ನಾನೇ. ಕಂಡಾಗ ನನಗೆ ಹೆದರಿಕೆಯಾಯಿತು ಎಂದು ಎಲ್ಲರಿಗೂ ಹೇಳಿದ್ದೇನೆ, ಅದು ಸುಳ್ಳೂ ಅಲ್ಲ. ಆದರೆ ಹೆದರಿಕೆಗಿಂತ ಒಂದು ಕ್ಷಣ ಮುಂಚೆ ಬಂದದ್ದು ಬೇರೆ. ಅದು ನೆಮ್ಮದಿ, ಮಾರಾಯ. ತೋಟವೇ ಹೋದರೆ ಇರುವುದೋ ಬಿಡುವುದೋ ಎಂದು ನಾನು ನಿರ್ಧರಿಸಬೇಕಾಗಿಲ್ಲ, ಅಪ್ಪನ ಮುಖ ನೋಡಿ ಬೇಡ ಎನ್ನಬೇಕಾಗಿಲ್ಲ, ತೋಟವನ್ನು ಚೇಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟು ಊರು ಬಿಟ್ಟ ಎಂಬ ಮಾತು ಕೇಳಬೇಕಾಗಿಲ್ಲ ಎಂದು ಯಾರೋ ಬಂದು ಹೆಗಲಿನ ಹೊರೆ ಇಳಿಸಿಕೊಂಡ ಹಾಗಾಯಿತು. ಅಪ್ಪ ಕೆಳಗಿನ ತಟ್ಟಿನಿಂದ ‘ಏನಾ, ಕಂಡಿತಾ?’ ಎಂದು ಕೂಗಿದರು. ‘ಏನಿಲ್ಲ, ಒಂದೆರಡು ಮರಕ್ಕೆ’ ಎಂದೆ. ಅಂದಿನಿಂದ ಅಪ್ಪನಿಗಿಂತ ಹೆಚ್ಚು ಶ್ರದ್ಧೆಯಿಂದ ನಾನು ಆ ಮರಗಳಿಗೆ ಔಷಧಿ ಹೊಡೆಸುತ್ತಿದ್ದೇನೆ. ಊರಿನವರು ಮಗ ಜವಾಬ್ದಾರಿ ಕಲಿತ ಎನ್ನುತ್ತಿದ್ದಾರೆ.

ಬೆಳಿಗ್ಗೆ ಅಮ್ಮನಿಗಿಂತ ಮುಂಚೆ ಪತ್ರಿಕೆ ಎತ್ತಿಕೊಂಡು ತುಲಾರಾಶಿಯ ಕೆಳಗೆ ಏನಿದೆ ಎಂದು ನೋಡುವುದು ಶುರುವಾದದ್ದೂ ಆಗಿನಿಂದಲೇ. ಉರಗಧರನ ಕತೆ ಹೇಳಿ ಅವಳನ್ನು ನಗಿಸಹೋದವನು ಇವನೇ. ಅದರಲ್ಲಿ ಏನು ಹುಡುಕುತ್ತೇನೆ ಎಂದು ಕೇಳಬೇಡ. ‘ಇಂದು ನಿರ್ಧಾರಗಳನ್ನು ಮುಂದೂಡುವುದು ಒಳಿತು’ ಎಂಬ ಅರ್ಥದ ಮಾತು ಬಂದ ದಿನ ನನಗೆ ಎರಡನೆಯ ಲೋಟ ಕಾಫಿ ರುಚಿಸುತ್ತದೆ. ಪರಿಮಾಣವಿದೆ, ದಿಕ್ಕಿಲ್ಲ ಎಂದು ಮೇಷ್ಟರು ನಿನಗೆ ಇಟ್ಟ ಅದಿಶ ಎಂಬ ಹೆಸರು ಒಂದು ಬೆಂಚು ತಪ್ಪಿ ಬಿದ್ದಿತ್ತು ಎಂಬುದನ್ನು ಈಗ ಸಾರ್ವಜನಿಕವಾಗಿ ಒಪ್ಪುತ್ತೇನೆ. ಬೇಕಾದರೆ ಹೆಸರನ್ನು ವಾಪಸು ಕಳಿಸು, ಸ್ಪೀಡ್ ಪೋಸ್ಟಿನಲ್ಲಿ.

ಜಗಲಿಯಲ್ಲಿ ಕೂತ ನಾಲ್ಕು ಜನಕ್ಕೆ ಒಂದು ಮಾತು: ಮೇಲಿನ ಎರಡು ಪ್ಯಾರಾಗಳನ್ನು ಅಲಂಕಾರವೆಂದು ಓದಿಕೊಳ್ಳಿ, ನಾನು ಬಿ.ಎಸ್ಸಿ. ಓದಿದವನಾದರೂ ಕನ್ನಡ ಸಂಘದ ಕಾರ್ಯದರ್ಶಿಯಾಗಿದ್ದವನು. ಅಪ್ಪ ಇದನ್ನು ಓದುವ ಭಯವಿಲ್ಲ. ಧಾರಣೆ ಬರುವ ಗುಂಪೊಂದನ್ನು ಬಿಟ್ಟು ಅವರ ಫೋನಿನಲ್ಲಿ ಬೇರೇನೂ ತೆರೆಯುವುದಿಲ್ಲ. ಅಣ್ಣನ ಮಗಳು ಓದಿದರೆ ಮಾತ್ರ ಕಷ್ಟ, ಅವಳು ವ್ಯಾಕರಣದ ತಪ್ಪು ತೆಗೆಯುತ್ತಾಳೆ.

ಕೊನೆಕೊಯ್ಲಿಗೆ ಬಾ. ಸುಲಿಯಲು ನಿನ್ನನ್ನು ಯಾರೂ ನಂಬುವುದಿಲ್ಲ. ಆದರೆ ದತ್ತಾಂಶ ವಿಂಗಡಿಸಿ ಸಂಬಳ ಪಡೆಯುವ ನೀನು ಅಡಿಕೆ ಆರಿಸುವ ಸಾಲಿನಲ್ಲಿ ಒಂದು ದಿನ ಕೂರುವುದನ್ನು ನೋಡಬೇಕೆಂದು ಆ ಹೆಂಗಸರಿಗೆ ಈಗಾಗಲೇ ಹೇಳಿಟ್ಟಿದ್ದೇನೆ, ಅವರೂ ಕಾಯುತ್ತಿದ್ದಾರೆ. ಬರುವ ದಿನ ತಿಳಿಸು. ಬಸ್ಸಿನಲ್ಲಿ ಬರುವುದಾದರೆ ಕೊಡೆ ಮಾತ್ರ ತರಬೇಡ; ಯಾಕೆಂದು ನಿನಗೂ ಗೊತ್ತು, ಹೊಸನಗರದ ಆ ಕಂಡಕ್ಟರಿಗೂ ಗೊತ್ತು.

ಇತಿ ನಿನ್ನ,
ತುಲಾರಾಶಿಯ ಗೆಳೆಯ