ಈ ವಾರದಿಂದ 'ಫಾಲ್ಟಿ ಟವರ್ಸ್': ನೋಡಿ, ಅಂಕ ಕೊಡಿ

ಎಲ್ಲರಿಗೂ ನಮಸ್ಕಾರ. ಈ ಶನಿವಾರದಿಂದ, ಒಂದು ಹೋಟೆಲಿನಲ್ಲಿ ನಡೆಯುವ ಬ್ರಿಟಿಷ್ ಹಾಸ್ಯ ಧಾರಾವಾಹಿ 'ಫಾಲ್ಟಿ ಟವರ್ಸ್' ಮತ್ತೆ ನೋಡೋಣ. ಬಿಬಿಸಿಯಲ್ಲಿ 1975ರಲ್ಲಿ ಆರು, 1979ರಲ್ಲಿ ಆರು, ಒಟ್ಟು ಬರೀ 12 ಕಂತು. ವಾರಕ್ಕೆ ಎರಡರಂತೆ ನೋಡಿದರೆ ಆರು ವಾರ ಸಾಕು.

ಮೊದಲ ಎರಡು ಕಂತು ನೋಡಿ, ಭಾನುವಾರ ರಾತ್ರಿ 9ರೊಳಗೆ ಹತ್ತಕ್ಕೆ ಎಷ್ಟು ಅಂತ ಇಲ್ಲಿ ಹಾಕಿ. ಸುಮ್ನೆ ಅಂಕ ಬೇಡ, ಒಂದು ಸಾಲು ಕಾರಣವೂ ಇರಲಿ. ಶುರುವಿನಲ್ಲಿ ಬರುವ ಹೋಟೆಲ್ ಬೋರ್ಡನ್ನು ಗಮನಿಸಿ, ಕೆಲವು ಕಂತುಗಳಲ್ಲಿ ಅಕ್ಷರಗಳು ಅದಲುಬದಲಾಗಿರುತ್ತವೆ.

ಕೆಟ್ಟುನಿಂತ ಕಾರಿಗೆ ಹೋಟೆಲ್ ಮಾಲೀಕ ಬೇಸಿಲ್ ಮರದ ಕೊಂಬೆ ತಂದು ಬಾರಿಸುತ್ತಾನಲ್ಲ, ಆ ಐದನೇ ಕಂತಿನ ಸರದಿ ಮೂರನೇ ವಾರ. ಎಷ್ಟು ಸಲ ನೋಡಿದರೂ ನನಗೆ ಹೊಟ್ಟೆ ಹುಣ್ಣಾಗುವಷ್ಟು ನಗು. ನನ್ನ ಲೆಕ್ಕದಲ್ಲಿ ಹತ್ತಕ್ಕೆ ಹತ್ತು!

ಯಾರ್ಯಾರು ಸೇರುತ್ತೀರಿ? ಶುಕ್ರವಾರದೊಳಗೆ ಹೆಸರು ತಿಳಿಸಿ, ಪ್ಲೀಸ್.