ಸೊಪ್ಪು ಕೊಟ್ಟವರಿಗೆ, ಜೊತೆಗೆ ಕೂತವರಿಗೆ

ಕಳೆದ ವಾರ ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ನಮ್ಮ ಲಾಟು ಹರಾಜಾಯಿತು. ಬಂದ ಹಣದಲ್ಲಿ, ಯಜಮಾನರ ಚಿಕಿತ್ಸೆಗೆಂದು ಮಾಡಿದ್ದ ಕೈಸಾಲದ ಕೊನೆಯ ಕಂತನ್ನು ತೀರಿಸಿದೆ. ಈ ಎರಡು ವರ್ಷ ನಮ್ಮ ಕೈಬಿಡದ ಊರಿನವರಿಗೆ ಕೃತಜ್ಞತೆ ಹೇಳಲು ಇದನ್ನು ಬರೆಯುತ್ತಿದ್ದೇನೆ.

ಯಜಮಾನರಿಗೆ ಪಾರ್ಶ್ವವಾಯು ಬಡಿದ ದಿನ ರೇಷ್ಮೆಹುಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಕಳಚುವ ನಿದ್ದೆಯಿಂದ, ಎದ್ದು ಎರಡು ದಿನವಾಗಿತ್ತು. ಹುಳು ತನ್ನ ಆಯುಷ್ಯದಲ್ಲಿ ತಿನ್ನುವ ಹಿಪ್ಪುನೇರಳೆ ಸೊಪ್ಪಿನಲ್ಲಿ ನೂರಕ್ಕೆ 80ರಷ್ಟನ್ನು ಈ ಕೊನೆಯ ಒಂದು ವಾರದಲ್ಲಿಯೇ ತಿನ್ನುವುದರಿಂದ, ಆಗ ಸೊಪ್ಪು ತಪ್ಪಿದರೆ ಬೆಳೆಗೆ ಪೆಟ್ಟು ಬೀಳುತ್ತದೆ. ನಾನು ಕೋಲಾರದ ಆಸ್ಪತ್ರೆಯಲ್ಲಿದ್ದೆ. ಕೊಳವೆಬಾವಿ ಬತ್ತಿ ನಮ್ಮ ತೋಟ ಅದಾಗಲೇ ಸೊರಗಿತ್ತು. ಅಕ್ಕಪಕ್ಕದ ಮೂರು ಮನೆಯವರು ತಮ್ಮ ಹುಳುವಿಗೆಂದು ಉಳಿಸಿಕೊಂಡಿದ್ದ ಸೊಪ್ಪನ್ನು ಕೊಯ್ದು, ಬೈಕಿನಲ್ಲಿ ಹೊರೆ ಹೇರಿ ತಂದು, ಮೂರು ಹೊತ್ತೂ ಹಾಕಿದರು. ಎಪ್ಪತ್ತು ದಾಟಿದ ನಮ್ಮ ಅತ್ತೆಯವರು ಒಂದೊಂದೇ ಹುಳುವನ್ನು ಬೆಳಕಿಗೆ ಹಿಡಿದು, ಮೈ ತಿಳಿಯಾಗಿ ಹಣ್ಣಾದದ್ದನ್ನು ಮಾತ್ರ ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಟ್ಟರು. ಆ ಸೊಪ್ಪಿನ ಲೆಕ್ಕವನ್ನು ಇಂದಿನವರೆಗೂ ಯಾರೂ ಕೇಳಿಲ್ಲ.

ಅದಾದ ಮೇಲೆ ಎರಡು ಬೆಳೆ ಹಾಲುತೊಂಡೆ ಎಂಬ ಹುಳುವಿನ ರೋಗಕ್ಕೆ ಹೋದವು. ಹುಳುವನ್ನು ಗುಂಡಿಗೆ ಸುರಿದು ಸುಣ್ಣ ಹಾಕಿ ಮುಚ್ಚಿದ ಸಂಜೆ, ಇಷ್ಟೆಲ್ಲ ಯಾತಕ್ಕಾಗಿ ಎಂದು ನಾನು ಗಟ್ಟಿಯಾಗಿ ಅತ್ತೆ. ಜ್ವರಕ್ಕೆ ಕೂತ ಹುಳು ತಲೆಯೆತ್ತಿ ಅಲುಗಾಡದೆ ಇರುತ್ತದೆ. ಆಗ ಸೊಪ್ಪು ಹಾಕಬಾರದು, ಪೊರೆ ಕಳಚಿ ಏಳುವವರೆಗೆ ಹಾಸಿಗೆ ಒಣಗಿರುವಂತೆ ನೋಡಿಕೊಂಡು ಕಾಯಬೇಕು. ಎದುರುಮನೆಯ ಅಕ್ಕ ನನ್ನನ್ನು ಹಾಗೆಯೇ ಕಾದರು. ಬುದ್ಧಿವಾದ ಹೇಳಲಿಲ್ಲ. ಮುದ್ದೆ, ಸೊಪ್ಪಿನ ಸಾರು ತಂದಿಟ್ಟು, ನಾನು ಉಣ್ಣುವವರೆಗೆ ಜಗುಲಿಯ ಮೇಲೆ ಕೂತಿದ್ದು ಹೋಗುತ್ತಿದ್ದರು. ನಾನು ಎದ್ದು ಓಡಾಡತೊಡಗಿದ ಮೇಲೆ ರೇಷ್ಮೆ ಇಲಾಖೆಯ ಮೇಡಂ ಬಂದು, ತಪ್ಪು ಯಾರದೆಂದು ಕೆದಕದೆ, ಬ್ಲೀಚಿಂಗ್ ಪುಡಿ, ಸುಣ್ಣದ ದ್ರಾವಣವನ್ನು ತಾವೇ ಕಲಸಿ ಹುಳುಮನೆಯನ್ನು ಮೂಲೆಮೂಲೆ ತೊಳೆಯುವುದನ್ನು ತೋರಿಸಿಕೊಟ್ಟರು. ಅವರ ಉಪಕಾರ ದೊಡ್ಡದು.

ಕಷ್ಟ ಕಳೆದ ಮೇಲೆ ಬದುಕಿದರಾಯಿತು ಎಂದು ನಾನು ಬಹಳ ದಿನ ಅಂದುಕೊಂಡಿದ್ದೆ. ಕಷ್ಟ ಈಗಲೂ ಕಳೆದಿಲ್ಲ: ನೀರನ್ನು ಟ್ಯಾಂಕರಿನವರಿಂದ ಕೊಳ್ಳುತ್ತೇವೆ, ಯಜಮಾನರ ಬಲಗೈ ಇನ್ನೂ ಏಳುವುದಿಲ್ಲ. ಆದರೂ ಬೆಳಗಿನ ಸೊಪ್ಪಿಗೆ ಏಳುವಾಗ, ಯಾತಕ್ಕಾಗಿ ಎಂಬ ಆ ಪ್ರಶ್ನೆ ಈಗ ನನ್ನನ್ನು ತಡೆಯುವುದಿಲ್ಲ. ನನ್ನನ್ನು ನಂಬಿಕೊಂಡ ಜೀವಗಳಿವೆ, ನಾನು ನಂಬಿಕೊಳ್ಳಬಹುದಾದ ಜನರಿದ್ದಾರೆ.

ಈ ಸಲ ಗೂಡು ಬಿಡಿಸುವಾಗ ಯಜಮಾನರೂ ಕುರ್ಚಿಯಲ್ಲಿ ಕೂತು ಎಡಗೈಯಿಂದ ಗೂಡು ಆರಿಸಿದರು. ಎರಡು ಹುಳು ಸೇರಿ ಕಟ್ಟಿದ ಜೋಡಿ ಗೂಡಿಗೆ ಬೆಲೆ ಕಡಿಮೆ; ಅದನ್ನು ಬೇರೆ ಹಾಕಬೇಕು. ಮಾತು ಇನ್ನೂ ಪೂರ್ತಿ ಬಾರದ ಅವರು, ಜೋಡಿ ಗೂಡು ಸಿಕ್ಕಾಗಲೆಲ್ಲ ಕೈಯೆತ್ತಿ ನನಗೆ ತೋರಿಸಿ ನಕ್ಕು, ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದರು.

ಬರುವ ಸೋಮವಾರ ಮತ್ತೆ ಚಾಕಿ, ಅಂದರೆ ಮರಿಹುಳು, ಬರಲಿದೆ. ಈ ಸಲ ತೋಟ ಚೆನ್ನಾಗಿ ಚಿಗುರಿದ್ದು, ನಮ್ಮ ಹುಳುವಿಗೆ ಆಗಿ ಮಿಗುವಷ್ಟು ಸೊಪ್ಪಿದೆ. ಯಾರ ಮನೆಯಲ್ಲಾದರೂ ಕೊರತೆ ಬಿದ್ದರೆ ಕೇಳುವುದಕ್ಕೆ ಕಾಯದೆ ಕೊಯ್ದುಕೊಂಡು ಹೋಗಬೇಕೆಂದು ಪ್ರಾರ್ಥಿಸುತ್ತೇನೆ.