ಮಗಳಿಗೊಂದು ಪತ್ರ: ಚೆಸ್‌ನಲ್ಲಿ ಎಲ್ಲರಿಗಿಂತ ದೊಡ್ಡವರು ಯಾರು?

ತಾಳವಾಡಿ

ಪ್ರೀತಿಯ ಮಗಳೇ,

ನೀನು ಕಳಿಸಿದ ಪಟ್ಟಿ ನೋಡಿದೆ. ಹತ್ತು ವಿಶ್ವ ಚಾಂಪಿಯನ್ನರಲ್ಲಿ ಮೊದಲು ಕಾರ್ಲ್‌ಸನ್, ಆಮೇಲೆ ಫಿಷರ್, ಮೂರನೆಯವನು ಕಾಸ್ಪರೋವ್. ಲಾಸ್ಕರ್ ಒಂಬತ್ತಕ್ಕೆ ಇಳಿದಿದ್ದಾನೆ. ಆನಂದ್ ಏಳನೆಯವನು ಅಂತ ಓದಿ ಹೇಳಿದೆ, ತಾತನಿಗೆ ಬೇಜಾರಾಯಿತು. ಹೆಣ್ಣುಮಕ್ಕಳ ಹೆಸರಂತೂ ಒಂದೂ ಇಲ್ಲ. ಇದನ್ನೆಲ್ಲ ಫೋನಿನಲ್ಲಿ ಮಾತಾಡೋಣ ಅಂದರೆ ಅಲ್ಲಿ ನಿನ್ನ ಹಾಸ್ಟೆಲ್ ಗಲಾಟೆ, ಇಲ್ಲಿ ಸಿಗ್ನಲ್ ಇರುವುದಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಹಳೇ ಕಾಲದವರನ್ನು ಇವತ್ತಿನ ಹುಡುಗರ ಮುಂದೆ ಕೂರಿಸಿದರೆ ಸುಮ್ನೆ ಸೋತು ಎದ್ದು ಹೋಗುತ್ತಾರೆ ಅಂದೆಯಲ್ಲ. ಸೋಲಬಹುದು. ಇವತ್ತಿನವರ ಹತ್ತಿರ ಕಂಪ್ಯೂಟರ್ ಇದೆ, ಲಕ್ಷಗಟ್ಟಲೆ ಆಟಗಳ ದಾಖಲೆ ಇದೆ. ಲಾಸ್ಕರ್ ಎಷ್ಟೋ ಹೊತ್ತು ತಲೆ ಕೆಡಿಸಿಕೊಂಡು ಹುಡುಕಿದ್ದನ್ನು ಈಗ ಹತ್ತು ವರ್ಷದ ಹುಡುಗಿ ಬಾಯಿಪಾಠ ಮಾಡಿರುತ್ತಾಳೆ. ಹಾಗಂತ ಆ ಹುಡುಗಿ ಲಾಸ್ಕರ್‌ಗಿಂತ ದೊಡ್ಡವಳು ಅಂತ ನೀನೂ ಹೇಳುವುದಿಲ್ಲ, ಅಲ್ವಾ?

ಕಂಪ್ಯೂಟರ್‌ನಿಂದಲೇ ಅಳೆಯೋಣ ಅಂತೀಯ. ಅದನ್ನೂ ಮಾಡಿ ನೋಡಿದ್ದಾರೆ. 2006ರಲ್ಲಿ ಸ್ಲೊವೇನಿಯಾದ ಗುಯಿದ್ ಮತ್ತು ಬ್ರಾಟ್ಕೊ ಅನ್ನುವ ಇಬ್ಬರು ಸಂಶೋಧಕರು, ಚಾಂಪಿಯನ್ನರ ಪಟ್ಟದ ಆಟಗಳನ್ನೆಲ್ಲ ಕ್ರಾಫ್ಟಿ ಅನ್ನುವ ಪ್ರೋಗ್ರಾಮ್‌ಗೆ ಕೊಟ್ಟು ತಪ್ಪು ಲೆಕ್ಕ ಹಾಕಿಸಿದರು. ಮೊದಲು ಬಂದವನು ಕಾಸ್ಪರೋವ್ ಅಲ್ಲ, 1921ರಲ್ಲಿ ಪಟ್ಟ ಗೆದ್ದ ಕಾಪಾಬ್ಲಾಂಕಾ. ಆತನ ಆಟ ತಿಳಿನೀರಿನ ಹಾಗೆ ಸರಳ. ಸರಳವಾದ ಆಟದಲ್ಲಿ ತಪ್ಪೂ ಕಮ್ಮಿ. ಇನ್ನೊಬ್ಬ ಚಾಂಪಿಯನ್ ತಾಲ್ ಹಾಗಲ್ಲ, ಬೇಕಂತಲೇ ಮಣೆ ತುಂಬಾ ಬೆಂಕಿ ಹಚ್ಚುತ್ತಿದ್ದ. ಕಾಯಿ ಬಲಿ ಕೊಟ್ಟು, ಎದುರಿಗಿರುವವನಿಗೆ ಯಾವ ದಾರಿ ಸರಿ ಅಂತ ತಿಳಿಯದ ಹಾಗೆ ಮಾಡುತ್ತಿದ್ದ. ಆ ಹೊಗೆಯಲ್ಲಿ ಅವನಿಗೂ ತಪ್ಪಾಗುತ್ತಿತ್ತು, ಎದುರಾಳಿಗೆ ಅದಕ್ಕಿಂತ ಜಾಸ್ತಿ ತಪ್ಪಾಗುತ್ತಿತ್ತು. 1960ರಲ್ಲಿ 23ನೇ ವಯಸ್ಸಿಗೆ ಆಗಿನ ಚಾಂಪಿಯನ್ ಬೊಟ್ವಿನ್ನಿಕ್‌ನಂಥವನನ್ನು ಹಾಗೇ ಸೋಲಿಸಿದ. ಕಂಪ್ಯೂಟರ್ ತಪ್ಪುಗಳನ್ನು ಎಣಿಸುತ್ತದೆ. ಎದುರು ಕೂತವನ ಬೆವರು ಅದಕ್ಕೆ ಕಾಣುವುದಿಲ್ಲ.

ನನ್ನ ಅಳತೆ ಬೇರೆ. ಎದುರು ಕೂತವನು ಯಾರು? ಅವನ ಎದುರು ಎಷ್ಟು ವರ್ಷ ನಿಂತ? ಸೋಲು ಹತ್ತಿರ ಬಂದಾಗ ಏನು ಮಾಡಿದ? ಈ ಅಳತೆಯಲ್ಲಿ ನನಗೆ ಕಾಸ್ಪರೋವ್‌ನೇ ಮೊದಲು. ಅದಕ್ಕೆ ಕಾರಣ, ಅವನಿಗಿಂತ ಮೊದಲು ಚಾಂಪಿಯನ್ ಆಗಿದ್ದ ಕಾರ್ಪೋವ್.

1984ರ ಸೆಪ್ಟೆಂಬರ್‌ನಲ್ಲಿ ಮಾಸ್ಕೋದಲ್ಲಿ ಇಬ್ಬರೂ ಕೂತಾಗ ಕಾಸ್ಪರೋವ್‌ಗೆ 21 ವರ್ಷ. ಮೊದಲು ಆರು ಆಟ ಗೆದ್ದವನಿಗೆ ಪಟ್ಟ ಅಂತ ನಿಯಮ, ಡ್ರಾ ಲೆಕ್ಕಕ್ಕಿಲ್ಲ. ಒಂಬತ್ತು ಆಟ ಮುಗಿಯುವಾಗ ಕಾರ್ಪೋವ್ 4–0 ಮುಂದೆ. 27ನೇ ಆಟಕ್ಕೆ 5–0. ಇನ್ನೊಂದೇ ಒಂದು ಗೆಲುವು ಸಾಕಿತ್ತು. ಆ ಹುಡುಗ ಬಿಟ್ಟುಕೊಡಲಿಲ್ಲ. ಡ್ರಾ ಮೇಲೆ ಡ್ರಾ ಮಾಡಿಕೊಂಡು ಗೋಡೆ ಕಟ್ಟಿ ಕೂತ. 32ನೇ ಆಟದಲ್ಲಿ ಮೊದಲ ಗೆಲುವು. ಆಮೇಲೆ 47, 48ನೇ ಆಟವನ್ನು ಸಾಲಾಗಿ ಗೆದ್ದ. ಐದು ತಿಂಗಳು ಆಡಿ 40 ಡ್ರಾ ಆದ ಮೇಲೆ, 1985ರ ಫೆಬ್ರವರಿಯಲ್ಲಿ ವಿಶ್ವ ಚೆಸ್ ಸಂಸ್ಥೆಯಾದ ಫಿಡೆಯ ಅಧ್ಯಕ್ಷ ಕಾಂಪೊಮಾನೆಸ್ ಪಂದ್ಯವನ್ನೇ ನಿಲ್ಲಿಸಿದ. ಫಲಿತಾಂಶ ಇಲ್ಲ. ಅದೇ ವರ್ಷ ಮತ್ತೆ ಕೂರಿಸಿ 24 ಆಟ ಆಡಿಸಿದರು, ಕಾಸ್ಪರೋವ್ 13–11ರಲ್ಲಿ ಗೆದ್ದ.

ಆ ಎರಡನೇ ಪಂದ್ಯದ 16ನೇ ಆಟ ನಿನಗೆ ಗೊತ್ತಿರಬೇಕು. ಕಾಸ್ಪರೋವ್‌ನ ಕಪ್ಪು ಕುದುರೆ ಡಿ3 ಮನೆಗೆ ಹೋಗಿ ಕೂತಿತು. ಕಾರ್ಪೋವ್‌ನ ಮನೆಯೊಳಗೇ ಹೋಗಿ ಕೂತ ಹಾಗೆ. ಆನೆ ಕದಲುವ ಹಾಗಿಲ್ಲ, ಒಂಟೆಗೆ ದಾರಿ ಇಲ್ಲ, ಕುದುರೆಗಳಿಗೆ ಒಳ್ಳೇ ಮನೆ ಇಲ್ಲ. ಬಿಳಿ ಕಾಯಿಗಳೆಲ್ಲ ಕೈಕಟ್ಟಿ ನಿಂತವು. ಬಾಳೆ ತೋಟಕ್ಕೆ ಕಾಡಾನೆ ಬರದ ಹಾಗೆ ರಾತ್ರಿ ಕಾವಲು ಕಾಯುವಾಗ ತಾತ ಮತ್ತು ನಿನ್ನ ಮಾವ ಅಟ್ಟಣೆ ಮೇಲೆ ಬ್ಯಾಟರಿ ಬೆಳಕಿನಲ್ಲಿ ಈ ಆಟವನ್ನೇ ಇಡುತ್ತಿದ್ದರು. ಕಾರ್ಪೋವ್‌ನ ಕಡೆ ಕೂತವರು ತಪ್ಪಿಸಿಕೊಳ್ಳುವ ದಾರಿ ಹುಡುಕಬೇಕು. ಇಬ್ಬರಿಗೂ ಸಿಗುತ್ತಿರಲಿಲ್ಲ. ನಿಜ ಏನು ಗೊತ್ತಾ? ಕಾಸ್ಪರೋವ್ ಆ ಆಟದ ಶುರುವಿನಲ್ಲೇ ಒಂದು ಪದಾತಿ ಬಿಟ್ಟುಕೊಟ್ಟ ರೀತಿಯಲ್ಲಿ ತೂತಿತ್ತು. ಆಮೇಲೆ ಬೇರೊಂದು ಟೂರ್ನಿಯಲ್ಲಿ ಕಾರ್ಪೋವ್‌ನೇ ಅದನ್ನು ತೋರಿಸಿಕೊಟ್ಟ. ಆದರೆ ಆವತ್ತು, ಆ ಗಡಿಯಾರದ ಮುಂದೆ, ಆ ಹುಡುಗನ ಎದುರು ಅದು ಅವನಿಗೆ ಹೊಳೆಯಲಿಲ್ಲ.

1987ರಲ್ಲಿ ಸೆವಿಲ್ಲಾದಲ್ಲಿ 23ನೇ ಆಟ ಸೋತು ಕಾಸ್ಪರೋವ್ ಒಂದು ಅಂಕ ಹಿಂದೆ ಬಿದ್ದ. ಕೊನೇ ಆಟ ಗೆದ್ದರೆ ಮಾತ್ರ ಪಟ್ಟ ಉಳಿಯುತ್ತೆ. ಡ್ರಾ ಆದರೂ ಹೋಯಿತು. ಗೆದ್ದ! 12–12 ಆಗಿ ಪಟ್ಟ ಉಳಿಯಿತು. ಒಟ್ಟು ಐದು ಪಂದ್ಯ, 144 ಆಟ. ಕಾಸ್ಪರೋವ್ ಗೆದ್ದಿದ್ದು 21, ಕಾರ್ಪೋವ್ 19, ಉಳಿದ 104 ಡ್ರಾ. ಎರಡೇ ಎರಡು ಆಟದ ವ್ಯತ್ಯಾಸ. ಕಾರ್ಪೋವ್ ಇಲ್ಲದಿದ್ದರೆ ಕಾಸ್ಪರೋವ್ ಅಷ್ಟು ಎತ್ತರಕ್ಕೆ ಬೆಳೆಯುತ್ತಲೇ ಇರಲಿಲ್ಲ. ಅದಕ್ಕೇ ನಿನ್ನ ಪಟ್ಟಿಯಲ್ಲಿ ಕಾರ್ಪೋವ್ ಎಂಟನೆಯವನಾಗಿರುವುದು ನನಗೆ ಒಪ್ಪಿಗೆಯಿಲ್ಲ.

ಕಾಸ್ಪರೋವ್‌ನಲ್ಲೂ ಕೊರತೆ ಇದೆ. 1993ರಲ್ಲಿ ತನಗೆ ಸವಾಲು ಹಾಕಿದ್ದ ಶಾರ್ಟ್ ಜೊತೆ ಸೇರಿ ಫಿಡೆ ಬಿಟ್ಟು ಹೊರಗೆ ಹೋದ. ಅದರಿಂದ 2006ರ ತನಕ ಚೆಸ್‌ಗೆ ಇಬ್ಬಿಬ್ಬರು ಚಾಂಪಿಯನ್ನರು. ಅದು ಆಟಕ್ಕೆ ಮಾಡಿದ ಅನ್ಯಾಯ. 2000ದಲ್ಲಿ ಲಂಡನ್‌ನಲ್ಲಿ ಕ್ರಾಮ್ನಿಕ್ ಎದುರು ಒಂದು ಆಟವನ್ನೂ ಗೆಲ್ಲಲಾಗದೆ ಪಟ್ಟ ಬಿಟ್ಟುಕೊಟ್ಟ. ಆದರೂ 2005ರಲ್ಲಿ ಆಟ ಬಿಡುವಾಗ, ಆಟಗಾರರ ಬಲ ಅಳೆಯುವ ರೇಟಿಂಗ್‌ನಲ್ಲಿ ಅವನೇ ಮೊದಲಿಗ.

ಇನ್ನು ನಿನ್ನ ಕಾರ್ಲ್‌ಸನ್. ಅವನಷ್ಟು ಚೆನ್ನಾಗಿ ಆಡಿದವರು ಇನ್ನೊಬ್ಬರಿಲ್ಲ ಅಂತ ನಾನೂ ಒಪ್ಪುತ್ತೇನೆ. 2014ರಲ್ಲಿ 2882 ರೇಟಿಂಗ್. 2018ರಿಂದ 2020ರ ತನಕ 125 ಕ್ಲಾಸಿಕಲ್ (ಗಂಟೆಗಟ್ಟಲೆ ನಡೆಯುವ) ಆಟ ಸೋಲದೆ ಆಡಿದ. ಏನೂ ಇಲ್ಲದ ಸ್ಥಿತಿಯಿಂದ ಗೆಲುವು ಹಿಂಡಿ ತೆಗೆಯುತ್ತಾನೆ. 2021ರಲ್ಲಿ ನೆಪೊಮ್ನಿಯಾಷಿ ಎದುರು ಆರನೇ ಆಟ 136 ನಡೆ ಹೋಯಿತು, ವಿಶ್ವ ಪಟ್ಟದ ಪಂದ್ಯಗಳಲ್ಲೇ ಅತಿ ಉದ್ದದ ಆಟ. ಆ ಪಂದ್ಯದಲ್ಲಿ ಆ ಸೋಲಿನಿಂದ ನೆಪೊ ಮತ್ತೆ ಏಳಲೇ ಇಲ್ಲ. ಆದರೆ ಮರುವರ್ಷ ಕಾರ್ಲ್‌ಸನ್ ತನಗೆ ಪಟ್ಟದ ಪಂದ್ಯ ಆಡಲು ಮನಸ್ಸಿಲ್ಲ ಅಂತ ಹೇಳಿ ಬಿಟ್ಟ. ಅದು ಅವನ ಇಷ್ಟ, ಅದಕ್ಕೆ ನಾನು ಬೈಯುವುದಿಲ್ಲ. ಆದರೆ ಚಾಂಪಿಯನ್ನರಲ್ಲಿ ಯಾರು ದೊಡ್ಡವರು ಅಂತ ಕೇಳಿದಾಗ, ಸವಾಲು ಹಾಕಿದವನ ಎದುರು ಕೂರುವುದೂ ಲೆಕ್ಕಕ್ಕೆ ಬರಬೇಕು. ನನ್ನ ಪಟ್ಟಿಯಲ್ಲಿ ಅವನು ಎರಡನೆಯವನು.

ಫಿಷರ್ ವಿಷಯದಲ್ಲಿ ನನ್ನದು ಇನ್ನೂ ಕಠಿಣ ಮಾತು. 1971ರಲ್ಲಿ ತೈಮಾನೋವ್‌ನನ್ನು 6–0, ಲಾರ್ಸೆನ್‌ನನ್ನು 6–0. ಅಂಥ ಗೆಲುವು ಆ ಮಟ್ಟದಲ್ಲಿ ಯಾರಿಗೂ ಆಗಿಲ್ಲ. 1972ರಲ್ಲಿ ರೆಕ್ಯಾವಿಕ್‌ನಲ್ಲಿ ಮೊದಲ ಆಟ ಸೋತು, ಎರಡನೇ ಆಟಕ್ಕೆ ಬಾರದೆ ಕಳೆದುಕೊಂಡು, ಆಮೇಲೂ ಆಗಿನ ಚಾಂಪಿಯನ್ ಸ್ಪಾಸ್ಕಿಯನ್ನು 12.5–8.5ರಲ್ಲಿ ಸೋಲಿಸಿದ. ಎಲ್ಲ ಸರಿ. ಪಟ್ಟ ಗೆದ್ದ ಮೇಲೆ? 1975ರ ತನಕ ಒಂದೇ ಒಂದು ಅಧಿಕೃತ ಆಟ ಆಡಲಿಲ್ಲ. ತಾನು ಹೇಳಿದ ಷರತ್ತುಗಳನ್ನೆಲ್ಲ ಒಪ್ಪಲಿಲ್ಲ ಅಂತ ಪಟ್ಟ ಬಿಟ್ಟುಕೊಟ್ಟ. ಕಾರ್ಪೋವ್ ಎದುರು ಆ ಪಂದ್ಯ ನಡೆದಿದ್ದರೆ ಏನಾಗುತ್ತಿತ್ತು ಅಂತ ನಿನ್ನ ಮಾವ ಈಗಲೂ ಅರ್ಧ ರಾತ್ರಿಯವರೆಗೆ ವಾದ ಮಾಡುತ್ತಾನೆ. ನಡೆಯದ ಪಂದ್ಯಕ್ಕೆ ಅಂಕ ಕೊಡುವುದು ಹೇಗೆ ಮಗಳೇ?

ಅದಕ್ಕೆ ಎದುರಾಗಿ ಲಾಸ್ಕರ್‌ನನ್ನು ನೋಡು. 1894ರಲ್ಲಿ ಸ್ಟೈನಿಟ್ಜ್‌ನನ್ನು ಸೋಲಿಸಿ 1921ರ ತನಕ, 27 ವರ್ಷ ಪಟ್ಟ ಇಟ್ಟುಕೊಂಡ. ಹೌದು, ಕೊನೇ ಹತ್ತು ವರ್ಷ ಪಟ್ಟ ಪಣಕ್ಕೇ ಇಡಲಿಲ್ಲ. ಅದಕ್ಕೆ ಯುದ್ಧವೂ ಒಂದು ಕಾರಣ. ಆದರೆ ಪಟ್ಟ ಹೋದ ಮೇಲಿನದನ್ನು ನೋಡು. 1924ರಲ್ಲಿ ನ್ಯೂಯಾರ್ಕ್ ಟೂರ್ನಿಯಲ್ಲಿ 55ನೇ ವಯಸ್ಸಿಗೆ ಕಾಪಾಬ್ಲಾಂಕಾ, ಅಲೆಖಿನ್ ಇಬ್ಬರನ್ನೂ ಹಿಂದೆ ಹಾಕಿ ಮೊದಲು ಬಂದ. 1935ರಲ್ಲಿ ಮಾಸ್ಕೋದಲ್ಲಿ 66 ವರ್ಷ, ಆಗಲೂ ಮೂರನೇ ಸ್ಥಾನ, ಕಾಪಾಬ್ಲಾಂಕಾಗಿಂತ ಮೇಲೆ. ಮೊದಲಿಗರಾದ ಬೊಟ್ವಿನ್ನಿಕ್ ಮತ್ತು ಫ್ಲೋರ್‌ಗಿಂತ ಅರ್ಧ ಅಂಕ ಕಮ್ಮಿ, ಅಷ್ಟೇ. ಬೊಟ್ವಿನ್ನಿಕ್ ಅವನಿಗಿಂತ 40 ವರ್ಷಕ್ಕೂ ಜಾಸ್ತಿ ಚಿಕ್ಕವನು. ಇದರ ನಡುವೆ ಗಣಿತದಲ್ಲಿ ಇವತ್ತಿಗೂ ಪಾಠ ಮಾಡುವ ಪ್ರಮೇಯವೊಂದಕ್ಕೆ ಅವನ ಹೆಸರಿದೆ. ನೀನು ಗಣಿತ ಓದುತ್ತಿರುವವಳು. ಲಾಸ್ಕರ್‌ನನ್ನು ಒಂಬತ್ತಕ್ಕೆ ಇಳಿಸಲು ನಿನಗಾದರೂ ಮನಸ್ಸು ಹೇಗೆ ಬಂತು?

ಆನಂದ್ ಬಗ್ಗೆ ತಾತನ ಪರವಾಗಿ ಬರೆಯುತ್ತೇನೆ. ಆನಂದ್ ಮೊದಲ ಸಲ ಫಿಡೆ ಪಟ್ಟ ಗೆದ್ದಿದ್ದು 2000ದ ಡಿಸೆಂಬರ್‌ನಲ್ಲಿ, ಟೆಹರಾನ್‌ನಲ್ಲಿ. ಆ ವರ್ಷ ನಮ್ಮ ಕಡೆಯವರು ಯಾರೂ ಮರೆಯುವ ಹಾಗಿಲ್ಲ. ಜುಲೈ ಕೊನೆಗೆ ಇಲ್ಲೇ ಗಾಜನೂರಿನಿಂದ ರಾಜಣ್ಣನವರನ್ನು ವೀರಪ್ಪನ್ ಹೊತ್ತೊಯ್ದ. ನವೆಂಬರ್‌ವರೆಗೂ ಊರಲ್ಲಿ ಪೊಲೀಸರೇ ಪೊಲೀಸರು, ಬಸ್ಸಿಲ್ಲ, ಎಲ್ಲರಿಗೂ ಭಯ. ಅವರು ಕಾಡಿನಿಂದ ವಾಪಸು ಬಂದು ತಿಂಗಳು ಕಳೆದ ಮೇಲೆ ಈ ಸುದ್ದಿ. ನಾನು ಮೊದಲು ಓದಿದ್ದು ತಮಿಳು ಪತ್ರಿಕೆಯಲ್ಲಿ. ಕನ್ನಡ ಪತ್ರಿಕೆ ಚಾಮರಾಜನಗರದಿಂದ ಬಸ್ಸಿನಲ್ಲಿ ಬರುವಾಗ ತಡವಾಗುತ್ತಿತ್ತು. ಎರಡನ್ನೂ ಕತ್ತರಿಸಿ ತಾತ ಇಟ್ಟುಕೊಂಡಿದ್ದಾರೆ.

ನಾಕೌಟ್‌ನಲ್ಲಿ ಗೆದ್ದ ಪಟ್ಟ ಪಟ್ಟವೇ ಅಲ್ಲ ಅಂತ ಆಗ ಹೇಳಿದವರಿದ್ದರು. 2007ರಲ್ಲಿ ಮೆಕ್ಸಿಕೋ ನಗರದಲ್ಲಿ ಟೂರ್ನಿ ಆಡಿ ಗೆದ್ದ. ಒಬ್ಬನೇ ಎದುರಾಳಿಯ ಜೊತೆ ಆಡುವ ಪಂದ್ಯ ಗೆದ್ದಿಲ್ಲ ಅಂದರು. 2008ರಲ್ಲಿ ಬಾನ್‌ನಲ್ಲಿ ಕ್ರಾಮ್ನಿಕ್‌ನನ್ನು ಪಂದ್ಯದಲ್ಲೇ ಸೋಲಿಸಿದ, ಅದೂ ಕಪ್ಪು ಕಾಯಿಯಲ್ಲಿ ಎರಡು ಸಲ ಗೆದ್ದು. ಮೂರು ರೀತಿಯಲ್ಲೂ ಪಟ್ಟ ಗೆದ್ದವನು ಅವನೊಬ್ಬನೇ. 2010ರಲ್ಲಿ ಐಸ್‌ಲ್ಯಾಂಡ್ ಜ್ವಾಲಾಮುಖಿ ಬೂದಿಯಿಂದ ವಿಮಾನ ನಿಂತಾಗ ಫ್ರಾಂಕ್‌ಫರ್ಟ್‌ನಿಂದ ಸೋಫಿಯಾಗೆ ರಸ್ತೆಯಲ್ಲೇ ಹೋದ. ಮೂರು ದಿನ ಮುಂದೂಡಿ ಅಂತ ಕೇಳಿದರೆ ಕೊಟ್ಟಿದ್ದು ಒಂದೇ ದಿನ. ಅಲ್ಲಿ ಟೊಪಾಲೊವ್‌ನನ್ನು ಕೊನೇ ಆಟದಲ್ಲಿ ಕಪ್ಪು ಕಾಯಿ ಹಿಡಿದು ಸೋಲಿಸಿದ. ನನಗೆ ಅವನು ನಾಲ್ಕನೆಯವನೋ ಐದನೆಯವನೋ, ಏಳನೆಯವನಂತೂ ಅಲ್ಲ. ಅವನಿಗೆ ಆಟ ಕಲಿಸಿದ್ದು ಅವನ ಅಮ್ಮ. ಮನಿಲಾದಲ್ಲಿದ್ದಾಗ ಟೀವಿಯಲ್ಲಿ ಬರುತ್ತಿದ್ದ ಚೆಸ್ ಒಗಟನ್ನು, ಮಗ ಶಾಲೆಯಲ್ಲಿದ್ದಾಗ ಬರೆದಿಟ್ಟುಕೊಂಡು, ಸಂಜೆ ಇಬ್ಬರೂ ಕೂತು ಬಿಡಿಸುತ್ತಿದ್ದರಂತೆ.

ಈಗ ನಿನ್ನ ಪಟ್ಟಿಯಲ್ಲಿ ಇಲ್ಲದವರು. ಹೆಂಗಸರ ಪಟ್ಟ ಬೇರೆ, ಅದಕ್ಕೇ ಸೇರಿಸಲಿಲ್ಲ ಅಂತೀಯ ಅಂತ ಗೊತ್ತು. ವೆರಾ ಮೆಂಚಿಕ್ 1927ರಲ್ಲಿ ಮೊದಲ ಮಹಿಳಾ ವಿಶ್ವ ಚಾಂಪಿಯನ್ ಆದಳು. 1944ರಲ್ಲಿ ಲಂಡನ್ ಮೇಲೆ ಬಿದ್ದ ಜರ್ಮನ್ ಬಾಂಬಿಗೆ ಅಮ್ಮ, ತಂಗಿಯ ಜೊತೆ ಸಾಯುವ ತನಕ ಆ ಪಟ್ಟವನ್ನು ಯಾರಿಗೂ ಬಿಟ್ಟುಕೊಡಲಿಲ್ಲ. 1929ರಲ್ಲಿ ಕಾರ್ಲ್ಸ್‌ಬಾದ್ ಟೂರ್ನಿಗೆ ಆಕೆಯನ್ನು ಕರೆದಾಗ ಬೆಕರ್ ಅನ್ನುವ ಆಟಗಾರ, ಈಕೆಯ ಕೈಲಿ ಸೋತವರನ್ನೆಲ್ಲ ಮೆಂಚಿಕ್ ಕ್ಲಬ್‌ಗೆ ಸೇರಿಸೋಣ ಅಂತ ಆಡಿಕೊಂಡ. ಆ ಕ್ಲಬ್‌ಗೆ ಮೊದಲು ಸೇರಿದವನು ಅವನೇ. ಮುಂದೆ ವಿಶ್ವ ಚಾಂಪಿಯನ್ ಆದ ಯೂವೆ ಕೂಡ ಸೇರಿದ. ಜಾರ್ಜಿಯಾದ ನೋನಾ ಗಪ್ರಿಂದಾಷ್ವಿಲಿ 1962ರಿಂದ 1978ರ ತನಕ ಚಾಂಪಿಯನ್, ಫಿಡೆಯಿಂದ ಗ್ರ್ಯಾಂಡ್‌ಮಾಸ್ಟರ್ ಪದವಿ ಪಡೆದ ಮೊದಲ ಹೆಂಗಸು. ಜೂಡಿತ್ ಪೋಲ್ಗಾರ್ ಮಹಿಳಾ ಪಟ್ಟಕ್ಕೆ ಆಡಲೇ ಇಲ್ಲ. ಗಂಡಸರ ಜೊತೆಯೇ ಆಡಿ ಜಗತ್ತಿನಲ್ಲಿ ಎಂಟನೆಯವಳಾದಳು. ಸ್ಪಾಸ್ಕಿ, ಕಾರ್ಪೋವ್, ಆನಂದ್, ಕೊನೆಗೆ 2002ರಲ್ಲಿ ನನ್ನ ಕಾಸ್ಪರೋವ್‌ನೂ ಆಕೆಗೆ ಸೋತಿದ್ದಾರೆ.

ಇವರಿಗೆ ಸಿಕ್ಕ ಅವಕಾಶ ಎಷ್ಟು, ಎಷ್ಟು ಟೂರ್ನಿಗೆ ಕರೆದರು ಅಂತ ನೋಡದೆ ಬರೀ ರೇಟಿಂಗ್ ಹಿಡಿದು ತೂಗಬೇಡ. 2022ರಲ್ಲಿ ಮಾಮಲ್ಲಪುರದ ಚೆಸ್ ಒಲಿಂಪಿಯಾಡ್ ನೆನಪಿದೆಯಲ್ಲ. ಅದರ ಲಾಂಛನ, ಪಂಚೆ ಉಟ್ಟ ಕುದುರೆ ‘ತಂಬಿ’ಯ ಚಿತ್ರ ನಮ್ಮ ತಾಲ್ಲೂಕಿನ ತನಕ ಬಂದಿತ್ತು. ಗುಕೇಶ್ ಮೊದಲ ಎಂಟು ಆಟವನ್ನೂ ಗೆದ್ದ ಅಂತ ನೀನು ಕುಣಿದಾಡಿದೆ. ಅದೇ ಒಲಿಂಪಿಯಾಡ್‌ನಲ್ಲಿ ನಮ್ಮ ದೇಶದ ಆಟಗಾರ್ತಿ ಹರಿಕಾ ತುಂಬು ಗರ್ಭಿಣಿಯಾಗಿ ಮಣೆಯ ಮುಂದೆ ಕೂತಿದ್ದಳು, ನಮ್ಮ ಹೆಣ್ಣುಮಕ್ಕಳಿಗೆ ಮೊದಲ ಸಲ ಪದಕ ಬಂತು. ಹೊಟ್ಟೆಯಲ್ಲಿ ನಿನ್ನನ್ನು ಇಟ್ಟುಕೊಂಡು ಗದ್ದೆ ಕೆಲಸ ಮಾಡಿದವಳು ನಾನು. ಅಷ್ಟು ಹೊತ್ತು ಕೂತು ಲೆಕ್ಕ ಹಾಕುವುದು ಎಂಥ ಕಷ್ಟ ಅಂತ ನನಗೆ ಗೊತ್ತು.

ಗುಕೇಶ್‌ನನ್ನು ಈಗಲೇ ಪಟ್ಟಿಗೆ ಸೇರಿಸುವುದು ಬೇಡ. 2024ರಲ್ಲಿ 18 ವರ್ಷಕ್ಕೇ ಡಿಂಗ್ ಲಿರೆನ್‌ನನ್ನು ಸೋಲಿಸಿದ, ಪಟ್ಟ ಎರಡಾಗಿದ್ದ ಕಾಲ ಬಿಟ್ಟರೆ ಅವನಷ್ಟು ಚಿಕ್ಕ ವಯಸ್ಸಿಗೆ ಈ ಪಟ್ಟ ಯಾರಿಗೂ ಸಿಕ್ಕಿಲ್ಲ, ನಮಗೆಲ್ಲ ಹೆಮ್ಮೆ. ಆದರೆ ಕಾಸ್ಪರೋವ್‌ಗೆ ಕಾರ್ಪೋವ್ ಸಿಕ್ಕ ಹಾಗೆ ಅವನಿಗೆ ಯಾರು ಸಿಗುತ್ತಾರೆ, ಅವರ ಎದುರು ಎಷ್ಟು ವರ್ಷ ನಿಲ್ಲುತ್ತಾನೆ, ಅದನ್ನು ನೋಡಿ ಬರೆಯೋಣ.

ಹಬ್ಬಕ್ಕೆ ಬರುವಾಗ ಕೊಯಮತ್ತೂರಿನಿಂದ ಬೆಳಗಿನ ಬಸ್ಸೇ ಹಿಡಿ. ದಿಂಬಂ ಘಾಟಿಯಲ್ಲಿ ರಾತ್ರಿ ಗಾಡಿ ಬಿಡುವುದಿಲ್ಲ. ಲಾಸ್ಕರ್ 1924ರಲ್ಲಿ ಆಡಿದ ಆಟಗಳನ್ನು ಬರೆದುಕೊಂಡು ಬಾ, ತಾತನಿಗೆ ಮಣೆಯ ಮೇಲೆ ಇಟ್ಟು ತೋರಿಸಬೇಕು.

ಇಂತಿ,
ನಿನ್ನ ಅವ್ವ